ಬಾರ್ಡರ್ ಮಕ್ಕಳಿಗಷ್ಟೇ ಪಾಠ ಮಾಡಲೇ?

ಪ್ರಶ್ನೆ: ನಾನು ನಗರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಇನ್ನೊಂದು ಹುದ್ದೆ ಖಾಲಿ ಇರುವುದರಿಂದ ಎರಡು ಸೆಕ್ಷನ್ ಸೇರಿಸಿ ಒಂದೇ ಕೋಣೆಯಲ್ಲಿ ಪಾಠ ಮಾಡುತ್ತೇನೆ. ಫಲಿತಾಂಶ ಕುಸಿದಿದೆ. 'ಪಾಸು-ಫೇಲಿನ ಬಾರ್ಡರ್‌ನಲ್ಲಿ ಇರುವವರನ್ನು ಹಿಡಿದುಕೊಳ್ಳಿ, ಹಿಂದಿನ ಬೆಂಚಿನವರನ್ನು ಬಿಟ್ಟುಬಿಡಿ' ಎನ್ನುತ್ತಾರೆ ಮುಖ್ಯ ಶಿಕ್ಷಕರು. ಆ ಮಕ್ಕಳ ಮುಖ ನೋಡಲಾಗುತ್ತಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ನಿಮ್ಮ ಮುಖ್ಯ ಶಿಕ್ಷಕರ ಮೇಲೆ ಜಾಸ್ತಿ ಸಿಟ್ಟಾಗಬೇಡಿ. ಪಾಸಾದವರು ಶೇಕಡಾ ಎಷ್ಟು ಎಂದಷ್ಟೇ ಮೇಲಿನವರು ಅವರನ್ನು ಕೇಳುವುದು. 5 ಅಂಕದಿಂದ 25ಕ್ಕೆ ಏರಿದ ಹುಡುಗ ಆ ಲೆಕ್ಕದಲ್ಲಿ ಫೇಲೇ. ಒಂದೇ ಒಂದು ಅಂಕದಲ್ಲಿ ದಡ ಸೇರಿದವನು ಮಾತ್ರ ಕಾಣಿಸುತ್ತಾನೆ.

ಹಾಗಂತ ಪೂರ್ತಿ ಒಪ್ಪಲೂಬೇಡಿ. ಸಂಜೆಯ ವಿಶೇಷ ತರಗತಿ ಬಾರ್ಡರ್ ಮಕ್ಕಳಿಗೇ ಇರಲಿ, ಅದಕ್ಕೆ ಜಗಳ ಬೇಡ. ಬೆಳಗಿನ ಪೀರಿಯಡ್ ಮಾತ್ರ ಎಲ್ಲರದ್ದು.

ಹಿಂದಿನ ಬೆಂಚಿನವರ ನೋಟ್ಸ್ ತೆಗೆದು ನೋಡಿ. 1/2ಕ್ಕೆ 1/3 ಕೂಡಿಸು ಎಂದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಎಂದು ಬರೆದಿರುತ್ತಾರೆ. 'ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಯ್ತಲ್ಲ, ಹೇಗೆ?' ಎಂದು ಯಾರೂ ಅವರನ್ನು ಕೇಳಿಲ್ಲ. ಎಳೆ ಅಲ್ಲೇ ಕಡಿದಿದೆ. ಇನ್ನು ವರ್ಗ ಸಮೀಕರಣ ತಲೆಗೆ ಹತ್ತುವುದಾದರೂ ಹೇಗೆ?

ಪೀರಿಯಡ್‌ನ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ. ನಿನ್ನೆಯದೊಂದು, ಭಿನ್ನರಾಶಿಯಂಥ ಹಳೆಯದೊಂದು, ಎರಡೇ ಲೆಕ್ಕ ಕೊಡಿ. ಹಾಳೆಯಲ್ಲಿ ನೆನಪಿನಿಂದ ಮಾಡಲಿ. ಅಂಕ ಬೇಡ, ಬೈಗುಳವೂ ಬೇಡ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಓದಲು ಪಾಠ ಕೊಟ್ಟು ನೋಡಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರು ಮುಂದಿದ್ದರು. ಇದಕ್ಕೆ ಪ್ರೊಜೆಕ್ಟರ್ ಬೇಡ, ಲ್ಯಾಬ್ ಬೇಡ. ಜೋಡಿ ಮಾಡಿ ಕೂರಿಸಿದರೆ ಹಾಳೆಗಳನ್ನು ಮಕ್ಕಳೇ ತಿದ್ದಿಕೊಳ್ಳುತ್ತಾರೆ, ನಿಮಗೆ ಹೊರೆಯೂ ಇಲ್ಲ.

ಖಾಲಿ ಹುದ್ದೆಯ ವಿಷಯ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರೆ ಸುಮ್ನೆ ಗಾಳಿಗೆ ಹೋಗುತ್ತದೆ. ಎಂದಿನಿಂದ ಖಾಲಿ, ಒಂದು ಕೋಣೆಯಲ್ಲಿ ಎಷ್ಟು ಮಕ್ಕಳು ಎಂದು ಬರೆದು ಮುಖ್ಯ ಶಿಕ್ಷಕರ ಮೂಲಕ ಇಲಾಖೆಗೆ ಕಳಿಸಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಪೋಷಕರ ಸಭೆಯಲ್ಲೂ ತಿಳಿಸಿ. ಅವರು ಕೇಳಿದರೆ ಅದರ ತೂಕವೇ ಬೇರೆ, ಅಲ್ವಾ?

ಈ ವರ್ಷ ಎಲ್ಲರೂ ಪಾಸಾಗುವುದಿಲ್ಲ. ಇಬ್ಬರ ಕೆಲಸ ಒಬ್ಬರ ಮೇಲೆ ಬಿದ್ದರೆ ಹೀಗೇ ಆಗುತ್ತದೆ, ಆ ತಪ್ಪನ್ನು ನೀವು ತಲೆಗೆ ಕಟ್ಟಿಕೊಳ್ಳಬೇಡಿ. ಇಷ್ಟಾದ ಮೇಲೂ ನಿದ್ದೆ ಸರಿಹೋಗದಿದ್ದರೆ ಡಾಕ್ಟರನ್ನು ಕಾಣಿ. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ.