ಸಭೆ ಕರೆಯುವ ಮೊದಲು ನಕ್ಷೆ ಬಿಡಿಸಿ

ನೀವು ಕೇಳಿದ್ದು ಎರಡು ವಿಷಯ. ಮರುಭೂಮಿಯಂಥ ಕಡೆ ಹವಾಮಾನ ಬದಲಾವಣೆಗೆ ಯೋಜನೆ ಮಾಡುವಾಗ ಅಲ್ಲಿನ ಜನರನ್ನು ಸಭೆ ಕರೆದು ಅಭಿಪ್ರಾಯ ಕೇಳಿದರೆ ಸಾಕಾ? ಈ ಕೆಲಸಕ್ಕೆ ಎಷ್ಟು ಸಮಯ ಇಟ್ಟುಕೊಳ್ಳಬೇಕು?

ಸಭೆ ಸಾಲದು. ಅಭಿಪ್ರಾಯ ಬರೆದುಕೊಂಡು ಹೋಗುವುದು ಸುಲಭ. ತೀರ್ಮಾನ ಮಾಡುವ ಹಕ್ಕನ್ನೂ ಹಣವನ್ನೂ ಅವರ ಕೈಗೆ ಕೊಡುವುದೇ ಕಷ್ಟ.

ಕೀನ್ಯಾದ ಬಾರಿಂಗೋ ಎಂಬ ಸೀಮೆಯ ಕಥೆ ಕೇಳಿ. ನಾವು ಬಳ್ಳಾರಿ ಜಾಲಿ ಅನ್ನುತ್ತೇವಲ್ಲ, ಆ ಗಿಡವನ್ನು 1980ರ ದಶಕದಲ್ಲಿ ಅಲ್ಲಿ ನೆಡಿಸಿದರು. ಸೌದೆ ಸಿಗಲಿ, ಬರಡು ನೆಲ ಹಸಿರಾಗಲಿ ಅಂತ. ಉದ್ದೇಶ ಒಳ್ಳೆಯದೇ. ಆದರೆ ಗಿಡ ಹುಲ್ಲುಗಾವಲನ್ನೆಲ್ಲಾ ನುಂಗಿಬಿಟ್ಟಿತು. ಅದರ ಸಿಹಿ ಕಾಯಿ ತಿಂದು ಮೇಕೆಗಳ ಹಲ್ಲು ಹುಳುಕಾಗಿ ಉದುರಿದವು. ಕೊನೆಗೆ ಜನ ಸರ್ಕಾರದ ಮೇಲೆ ಕೇಸು ಹಾಕಿ, ಹಲ್ಲಿಲ್ಲದ ಒಂದು ಮೇಕೆಯನ್ನೇ ಸಾಕ್ಷಿಯಾಗಿ ಕೋರ್ಟಿಗೆ ಕರೆದೊಯ್ದರು. ನನಗೆ ಈ ಕಥೆ ನೆನಪಾದಾಗಲೆಲ್ಲಾ ಸಂಕಟವಾಗುತ್ತದೆ. ಮೇಕೆ ಸಾಕುವವರೇ ಆ ಗಿಡ ಆರಿಸಿದ್ದರೆ, ಮೊದಲು ನಾಲ್ಕು ಗಿಡ ನೆಟ್ಟು ನೋಡುತ್ತಿದ್ದರು.

ನೀರಿನದೂ ಇದೇ ಕಥೆ. ಒಣ ಪ್ರದೇಶ ಅಂದ ಕೂಡಲೇ ಬೋರ್‌ವೆಲ್ ಕೊರೆಸೋಣ ಅನ್ನಿಸುತ್ತದೆ, ಅಲ್ವಾ? ಆದರೆ ದನಗಾಹಿಗಳ ಲೆಕ್ಕ ಬೇರೆ. ಮಳೆಗಾಲಕ್ಕೆ ಒಂದು ಮೇವಿನ ಜಾಗ, ಬೇಸಿಗೆಗೆ ಇನ್ನೊಂದು, ತೀರಾ ಬರ ಬಂದರೆ ಅಂತ ಕಾದಿಟ್ಟ ಮೂರನೆಯದು. ಮಳೆಗಾಲದ ಜಾಗದಲ್ಲಿ ಮಳೆ ನಿಂತ ಮೇಲೆ ನೀರಿರುವುದಿಲ್ಲ. ದನಗಳು ತಾವಾಗಿ ಹೊರಡುತ್ತವೆ, ಹುಲ್ಲು ಚೇತರಿಸಿಕೊಳ್ಳುತ್ತದೆ. ಅಲ್ಲಿ ಬೋರ್‌ವೆಲ್ ಕೊರೆದರೆ ದನಗಳು ವರ್ಷವಿಡೀ ಅಲ್ಲೇ ನಿಲ್ಲುತ್ತವೆ. ಕೆಲವೇ ವರ್ಷಗಳಲ್ಲಿ ಸುತ್ತಲಿನ ನೆಲ ಬೋಳು. ಕೊರೆಸಿದವರು ಕೆಟ್ಟವರಲ್ಲ, ಆದರೆ ಈ ಲೆಕ್ಕ ಅವರಿಗೆ ಗೊತ್ತಿರಲಿಲ್ಲ.

ಕೀನ್ಯಾದ ಇಸಿಯೋಲೋದಲ್ಲಿ ಬೋರಾನ ಜನರು ಈ ಲೆಕ್ಕ ನೋಡಿಕೊಳ್ಳುವ ಹಿರಿಯರ ಕೂಟಕ್ಕೆ ದೆಧಾ ಅನ್ನುತ್ತಾರೆ. ಯಾರ ದನ ಯಾವಾಗ ಎಲ್ಲಿಗೆ ಹೋಗಬೇಕು ಅಂತ ಹೇಳುವುದು ಅವರೇ. ಉಪಗ್ರಹದ ಚಿತ್ರವನ್ನು ಮುಂದಿಟ್ಟು, ಇಂಥ ಜಾಗಗಳನ್ನೂ ದನ ಓಡಾಡುವ ದಾರಿಗಳನ್ನೂ ಜನರಿಂದಲೇ ಗುರುತು ಹಾಕಿಸಿದರು. ಅಲ್ಲಿ ಶುರುವಾದ ಹವಾಮಾನ ನಿಧಿಯಲ್ಲಿ ಶೇ 70ರಷ್ಟು ಹಣವನ್ನು ವಾರ್ಡ್ ಮಟ್ಟಕ್ಕೇ ಮೀಸಲಿಟ್ಟರು. ಯಾವ ಕೆಲಸಕ್ಕೆ ಖರ್ಚು ಮಾಡಬೇಕು ಅಂತ ಆರಿಸುವುದು ಜನರೇ ಆಯ್ಕೆ ಮಾಡಿದ ಸಮಿತಿ. ನನಗೆ ತುಂಬಾ ಹಿಡಿಸಿದ್ದು ಏನಂದರೆ, ಅಲ್ಲಿನ ಜನ ಬರೀ ಕಟ್ಟಡ ಕೇಳಲಿಲ್ಲ. ದೆಧಾ ಬಲಪಡಿಸುವುದಕ್ಕೂ ಹಣ ಕೇಳಿದರು. ಹೊರಗಿನವರ ತಲೆಗೆ ಇದು ಹೊಳೆಯುತ್ತಲೇ ಇರಲಿಲ್ಲ.

ಹಕ್ಕಿನ ಮಾತಿಗೆ ಪಶ್ಚಿಮ ಆಫ್ರಿಕಾದ ನೈಜರ್ ದೇಶ ನೋಡಿ. ಅಲ್ಲಿ ವಸಾಹತು ಕಾಲದಿಂದ ಬಂದ ಕಾನೂನಿನಲ್ಲಿ ಹೊಲದ ಮರವೂ ಸರ್ಕಾರದ್ದಾಗಿತ್ತು. ಹಾಗಿದ್ದಾಗ ರೈತ ಚಿಗುರನ್ನು ಯಾಕೆ ಕಾಪಾಡುತ್ತಾನೆ? 1980ರ ದಶಕದಲ್ಲಿ ಟೋನಿ ರಿನಾಡೋ ಎಂಬ ಆಸ್ಟ್ರೇಲಿಯಾದವರು ಮರಾಡಿ ಸೀಮೆಯಲ್ಲಿ ರೈತರ ಜೊತೆ ಸೇರಿ, ನೆಲದೊಳಗೆ ಜೀವ ಹಿಡಿದಿದ್ದ ಹಳೇ ಬೇರುಗಳಿಂದ ಬರುವ ಚಿಗುರನ್ನು ಸವರಿ ಬೆಳೆಸುವ ಕೆಲಸ ಶುರು ಮಾಡಿದರು. ಅಧಿಕಾರಿಗಳು ಆ ಕಾನೂನಿನ ಬಿಗಿ ಸಡಿಲಿಸಿದರು. ಮರ ತನ್ನದೇ ಅನ್ನಿಸಿದ ಮೇಲೆ ರೈತರೇ ಒಬ್ಬರನ್ನು ನೋಡಿ ಇನ್ನೊಬ್ಬರು ಬೆಳೆಸಿದರು. ಸುಮಾರು 50 ಲಕ್ಷ ಹೆಕ್ಟೇರ್‌ಗೆ ಇದು ಹಬ್ಬಿತು.

ನಮ್ಮ ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಇದರ ಉಲ್ಟಾ ನಡೆಯುತ್ತಿದೆ. ಅಲ್ಲಿನ ಓರಣ್ ಅಂದರೆ ನಮ್ಮ ದೇವರಕಾಡಿನ ಹಾಗೆ. ಬನ್ನಿ ಮರ, ಒಂಟೆ ಕುರಿಗಳಿಗೆ ಮೇವು, ನೀರಿನ ಹೊಂಡ ಎಲ್ಲವೂ ಇರುತ್ತವೆ. ಎಷ್ಟೋ ಓರಣ್‌ಗಳು ಕಡತದಲ್ಲಿ ಮಾತ್ರ ಬರೀ ಬಂಜರು. ಹಾಗಾಗಿ ಸೋಲಾರ್ ಘಟಕಕ್ಕೂ ವಿದ್ಯುತ್ ಲೈನಿಗೂ ಜಾಗ ಹುಡುಕುವವರ ಕಣ್ಣು ಅದರ ಮೇಲೇ ಬೀಳುತ್ತದೆ. ಸೋಲಾರ್ ಬೇಕು, ನಾನು ಅದರ ವಿರೋಧಿಯಲ್ಲ. ಆದರೆ ಹವಾಮಾನದ ಹೆಸರಿನಲ್ಲೇ ಬರ ತಾಳುವ ಜಾಗವನ್ನು ಕಿತ್ತುಕೊಂಡರೆ ಅದು ಅನ್ಯಾಯ.

ಹಾಗಾಗಿ ನಿಮ್ಮ ಕೆಲಸವನ್ನು ನಡಿಗೆಯಿಂದ ಶುರು ಮಾಡಿ. ಹಿರಿಯರ ಜೊತೆ ನಡೆಯುತ್ತಾ ನಕ್ಷೆ ಬಿಡಿಸಿ. ನೀರು ಹೊರುವ ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳಿ. ಯಾವ ಬಾವಿ ಯಾವ ತಿಂಗಳು ಬತ್ತುತ್ತದೆ ಅಂತ ಅವರಷ್ಟು ಸರಿಯಾಗಿ ಹೇಳುವವರಿಲ್ಲ, ಗಂಡಸರು ತುಂಬಿದ ಸಭೆಯಲ್ಲಿ ಅವರು ಬಾಯಿ ಬಿಡುವುದು ಕಷ್ಟ. ಬೇಡ ಅನ್ನುವ ಹಕ್ಕು ತಮಗಿದೆ ಅಂತ ಮೊದಲ ದಿನವೇ ಎಲ್ಲರಿಗೂ ಗೊತ್ತಾಗಲಿ.

ಸಮಯದ ಬಗ್ಗೆ ಹೇಳುವುದಾದರೆ, ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಬೇಕು. ದನ ಹೊಡೆದುಕೊಂಡು ದೂರ ಹೋದವರು ಮಳೆ ಬಂದ ಮೇಲೆಯೇ ವಾಪಸ್ ಬರುವುದು. ಅವರು ಬಂದು ನಕ್ಷೆ ನೋಡುವ ತನಕ ಯಾರ ಸಹಿಯನ್ನೂ ಹಾಕಿಸಬೇಡಿ.