ಅಮಾವಾಸ್ಯೆಯ ಭಜನೆ ಬಿಟ್ಟವರು

ನನ್ನ ಬಳಿ ಸಲಹೆಗೆ ಬರುವ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಶಿವು ಎನ್ನೋಣ. ಕಲಬುರಗಿಯ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾರೆ, ವಯಸ್ಸು ಮೂವತ್ತು ದಾಟಿದೆ. ತಾನು ಗೇ ಎಂಬುದು ಕಾಲೇಜಿನಲ್ಲೇ ಗೊತ್ತಿತ್ತು. ಎಚ್‌ಐವಿ ಇದೆಯೆಂದು ತಿಳಿದದ್ದು ಆಮೇಲೆ.

ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಗುಳಿಗೆ ತಪ್ಪಿಸಿದವರಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಅಳೆಯುವ ವೈರಲ್ ಲೋಡ್ ವರದಿಯಲ್ಲಿ ವೈರಸ್ ಪತ್ತೆಯಾಗಿಲ್ಲ. ಆದರೂ, "ರಾತ್ರಿ ಗುಳಿಗಿ ನುಂಗಿ ಮಲಗ್ತೀನ್ರಿ, ಮುಂಜಾನೆದ್ದು ಮಿಲ್ಲಿಗೆ ಹೋಗ್ತೀನಿ, ಮತ್ತ ಗುಳಿಗಿ ಟೈಮ್ ಆಗ್ತದ. ನಡುವ ಏನೂ ಇಲ್ರೀ ಸರ" ಎಂದರು.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಇಲ್ಲ ಎಂದರು. ಹೌದೆಂದಿದ್ದರೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯುತ್ತಿದ್ದೆ.

ಮೊದಲು ಆ 'ನಡುವೆ' ಏನಿತ್ತು? ಅಮಾವಾಸ್ಯೆಗೊಮ್ಮೆ ಊರಿನ ಭಜನೆ. ತತ್ವಪದಕ್ಕೆ ದಮ್ಮಡಿ ಎಂಬ ಚರ್ಮವಾದ್ಯ ಬಾರಿಸುತ್ತಿದ್ದರು. "ತಾಳ ಕೈಯಿಂದ ಕೈಗೆ ಹೋಗ್ತಾವ, ಪ್ರಸಾದ ಒಂದೇ ತಾಟಿನ್ಯಾಗ. ನಾನೇ ಮೈಲಿಗಿ ಅನಸ್ತದ್ರಿ." ಅಕ್ಕನ ಮಗುವನ್ನೂ ಎತ್ತಿಕೊಂಡಿರಲಿಲ್ಲ. ಊರು ಅವರನ್ನು ಹೊರಗಿಟ್ಟಿಲ್ಲ, ಊರಿಗೆ ವಿಷಯವೇ ಗೊತ್ತಿಲ್ಲ. ಈ ಬಹಿಷ್ಕಾರ ಅವರೇ ಹಾಕಿಕೊಂಡದ್ದು, ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

"ಬದುಕಿನ ಅರ್ಥ ಆಮೇಲೆ ಹುಡುಕೋಣ. ಬಿಟ್ಟದ್ದರಲ್ಲಿ ಒಂದನ್ನು ತಿರುಗಿ ಹಿಡೀರಿ" ಎಂದೆ. ಮುಟ್ಟುವುದರಿಂದ, ಒಂದೇ ತಾಟಿನಲ್ಲಿ ಉಣ್ಣುವುದರಿಂದ ಎಚ್‌ಐವಿ ಹರಡದು. ಗುಳಿಗೆ ತಪ್ಪದೆ ತೆಗೆದುಕೊಂಡು ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದಲೂ ಹರಡದು. ಕಾಂಡೋಮ್ ಬೇಕಾಗುವುದು ಬೇರೆ ಸೋಂಕುಗಳಿಗಾಗಿ. ಎರಡನೆಯ ಮಾತು ಕೇಳಿ ಬಹಳ ಹೊತ್ತು ಸುಮ್ಮನೆ ಕೂತರು. ಪ್ರೀತಿಸುವ ಹಕ್ಕು ಹೋಯಿತೆಂದೇ ತಿಳಿದಿದ್ದರು.

ಮನೆಯಲ್ಲಿ ಹೆಣ್ಣು ನೋಡುತ್ತಿದ್ದರು. ಮುಚ್ಚಿಟ್ಟು ಮದುವೆಯಾಗುವುದು ಬೇಡ, ಆ ಹುಡುಗಿಯ ಬದುಕೂ ಇದೆ ಎಂದು ಖಂಡಿತವಾಗಿ ಹೇಳಿದೆ. ಒಲ್ಲೆ ಎನ್ನುವುದು ಬೇರೆ, ಕಾರಣ ಹೇಳುವುದು ಬೇರೆ. ಮೊದಲನೆಯದನ್ನು ಈಗಲೇ ಹೇಳಬಹುದು. ಎರಡನೆಯದು ಅವರಿಗೆ ಧೈರ್ಯ ಬಂದಾಗ. ಒಂದೇ ಲಿಂಗದ ಇಬ್ಬರು ವಯಸ್ಕರು ಒಪ್ಪಿ ಕೂಡುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಎಚ್‌ಐವಿ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸುತ್ತದೆ. ಮಿಲ್ಲಿನ ಭಯಕ್ಕೆ ಇದನ್ನು ವಿವರಿಸಬೇಕಾಯಿತು. ನಾನು ಸಿಗದ ಹೊತ್ತಿಗೆಂದು ಎಚ್‌ಐವಿ ಕುರಿತ ಉಚಿತ ಸಹಾಯವಾಣಿ 1097 ಬರೆದುಕೊಟ್ಟೆ.

ಮುಂದಿನ ಅಮಾವಾಸ್ಯೆಗೆ ಹೋದರು. ಭಜನೆಯ ಹಿರಿಯರೊಬ್ಬರು "ಎಲ್ಲಿ ಹೋಗಿದ್ಯೋ ತಮ್ಮಾ ಇಷ್ಟ ದಿನ" ಎಂದು ದಮ್ಮಡಿ ಕೈಗಿಟ್ಟರಂತೆ. ಈಗ ಊರಿನ ಹುಡುಗರಿಗೆ ಬಾರಿಸಲು ಕಲಿಸುತ್ತಿದ್ದಾರೆ. ಹುಡುಗರು ಕಾಯುತ್ತಾರೆಂದು ಶನಿವಾರ ಸಂಜೆಯ ಬಸ್ಸನ್ನು ತಪ್ಪಿಸುವುದಿಲ್ಲ.

ಮದುವೆ ಒಲ್ಲೆ ಎಂದದ್ದಕ್ಕೆ ಅವ್ವ ಸರಿಯಾಗಿ ಮಾತಾಡುತ್ತಿಲ್ಲ. ಅಕ್ಕನಿಗೆ ಎಲ್ಲವನ್ನೂ ಹೇಳಬೇಕೆಂದಿದ್ದಾರೆ. ಹೇಗೆ ಹೇಳುವುದೆಂದು ಮುಂದಿನ ಭೇಟಿಯಲ್ಲಿ ಇಬ್ಬರೂ ಕೂತು ಮಾತು ಜೋಡಿಸಲಿದ್ದೇವೆ.