ವೇದಿಕೆ ಹತ್ತಿದರೆ ಕೈಕಾಲು ನಡುಗುತ್ತದೆ. ಭಾಷಣದ ಕ್ಲಬ್ ಸೇರಿದರೆ ಪ್ರಯೋಜನವಿದೆಯೇ?

ಖಂಡಿತ ಇದೆ. ನಾಲ್ಕು ಜನರ ಮುಂದೆ ನಿಂತಾಗ ಎದೆ ಡವಡವ ಹೊಡೆದುಕೊಂಡು ಬಾಯಿ ಒಣಗುವುದು ದೇಹವು ಅದನ್ನು ಅಪಾಯವೆಂದು ಭಾವಿಸುವುದರಿಂದ. ಅದೇ ಸನ್ನಿವೇಶವನ್ನು ಪರಿಚಿತರ ನಡುವೆ ಮತ್ತೆ ಮತ್ತೆ ಎದುರಿಸಿದಾಗ ಆ ಪ್ರತಿಕ್ರಿಯೆ ತಗ್ಗುತ್ತದೆ. 1924ರಲ್ಲಿ ಅಮೆರಿಕದಲ್ಲಿ ಆರಂಭವಾದ, ಭಾಷಣದ ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಸಂಸ್ಥೆಯ ಕ್ಲಬ್‌ಗಳು ಮೈಸೂರಿನಲ್ಲಿಯೂ ಇವೆ. ಅವುಗಳ ಸಭೆಯಲ್ಲಿ, ಸಿದ್ಧತೆಯಿಲ್ಲದೆ ಒಂದೆರಡು ನಿಮಿಷ ಮಾತನಾಡುವ ಸುತ್ತಿನಲ್ಲಿ ಹಸಿರು, ಹಳದಿ, ಕೆಂಪು ಸಂಕೇತಗಳು ಸಮಯವನ್ನು ತಿಳಿಸುತ್ತವೆ. ಮಾತಿನ ನಡುವೆ ಎಷ್ಟು ಬಾರಿ ‘ಅಂ’ ಎಂದಿರೆಂದು ಒಬ್ಬ ಸದಸ್ಯರು ಎಣಿಸಿ ಹೇಳುತ್ತಾರೆ. ಸಿದ್ಧಪಡಿಸಿದ ಭಾಷಣವಾದರೆ, ಯಾವುದು ಚೆನ್ನಾಗಿತ್ತು, ಯಾವುದನ್ನು ತಿದ್ದಿಕೊಳ್ಳಬೇಕು ಎಂಬುದನ್ನು ಇನ್ನೊಬ್ಬರು ಅಲ್ಲಿಯೇ ವಿವರಿಸುತ್ತಾರೆ. ಕನ್ನಡಿಯ ಮುಂದಿನ ಅಭ್ಯಾಸದಲ್ಲಿ ಸಿಗದ ಈ ವಿಮರ್ಶೆಯೇ ನನ್ನ ದೃಷ್ಟಿಯಲ್ಲಿ ಕ್ಲಬ್ಬಿನ ದೊಡ್ಡ ಲಾಭ. ಸಭೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಮೊದಲು ಅತಿಥಿಯಾಗಿ ಹೋಗಿ ಕುಳಿತು ನೋಡಿ, ಅನಂತರ ಸದಸ್ಯರಾಗಿರಿ.